ಫಕೀರವ್ವನ ಬೋಣಿಗೆ ಎಲ್ಲಿ ಹೋಯಿತು?

ಮಡಗಾಂವ ಪಕ್ಕದ ಫಾತೋರ್ಡಾದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಪಾವ್ ಮಾರುವವನ ಸೈಕಲ್ಲು ಭೋಂ ಭೋಂ ಅನ್ನುತ್ತ ಓಣಿಯ ಆಚೆ ತಿರುಗಿದೆ. ಕೂಲಿಯವರು ಬಂದು ನಿಲ್ಲುವ ನಾಕಾದಲ್ಲಿ, ಮಳೆಮರದ ಬುಡಕ್ಕೆ ಅಂಟಿಕೊಂಡ ತಗಡಿನ ಗೂಡಿನ ಬಾಗಿಲು ಕಿರುಗುಟ್ಟುತ್ತದೆ. ಒಳಗಿನಿಂದ ಮೊದಲು ಒಂದು ಸಲಿಕೆ ಹೊರಬರುತ್ತದೆ, ಅದರ ಹಿಂದೆ ಇನ್ನೊಂದು, ಆಮೇಲೆ ಎರಡೂ ಕಂಕುಳಲ್ಲಿ ಹಾರೆಗಳನ್ನು ಅವುಚಿಕೊಂಡ ಫಕೀರವ್ವ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು. ಸಲಿಕೆಗಳನ್ನು ಗೋಡೆಗೆ ಒರಗಿಸಿ, ಬುಟ್ಟಿಗಳನ್ನು ಬೋರಲು ಹಾಕಿ, ಏಣಿಗಳನ್ನು ಮರಕ್ಕೆ ಆನಿಸುವಷ್ಟರಲ್ಲಿ ಸುತ್ತ ಹತ್ತಾರು ಮಂದಿ ಸೇರಿರುತ್ತಾರೆ.

"ಯಾರೂ ಮುಟ್ಟಬ್ಯಾಡ್ರಿ. ಬೋಣಿಗಿ ಆಗಲಿ," ಎಂದು ಆಕೆ ಎರಡೂ ಕೈ ಚಾಚುತ್ತಾಳೆ, ಕೋಳಿಗಳನ್ನು ಕಾಳಿನಿಂದ ದೂರ ಇಡುವವಳ ಹಾಗೆ.

ಗುಂಪಿನಿಂದ ಖೀರಪ್ಪ ಎಂಬ ಗಾರೆ ಕೆಲಸದವನು ಮುಂದೆ ಬಂದು ಫೋನು ಎತ್ತಿ ಹಿಡಿಯುತ್ತಾನೆ. ಬಾಗಿಲಿಗೆ ಅಂಟಿಸಿದ ಚೀಟಿಯ ಮೇಲಿನ ಕಪ್ಪು ಚೌಕಕ್ಕೆ ಅದನ್ನು ತೋರಿಸುತ್ತಾನೆ. ಮೊಳೆಗೆ ನೇತುಹಾಕಿದ ಪುಟ್ಟ ಡಬ್ಬಿ ಹಿಂದಿಯಲ್ಲಿ ಇಪ್ಪತ್ತು ರೂಪಾಯಿ ಬಂತೆಂದು ಒದರುತ್ತದೆ. ಫಕೀರವ್ವ ಡಬ್ಬಿಯನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. "ಬಂತು ಅಂತೈತಿ ಡಬ್ಬಿ. ಎಲ್ಲಿ ಬಂತು, ಯಾವ ಬಾಗಿಲಿಂದ ಬಂತು ನನ್ನ ಕೇಳಬ್ಯಾಡ್ರಿ," ಅನ್ನುತ್ತಾಳೆ. ಹೇಳಿ ನಗುತ್ತಾಳೆ, ಆದರೆ ಕಣ್ಣು ಇನ್ನೂ ಆ ಡಬ್ಬಿಯ ಮೇಲೆಯೇ ಇದೆ, ಅದು ಇನ್ನೇನಾದರೂ ಹೇಳೀತೇ ಎಂಬಂತೆ.

ಫಕೀರವ್ವ ಏನನ್ನೂ ಮಾರುವವಳಲ್ಲ. ಕೂಲಿಗೆ ಹೋಗುವವರಿಗೆ ಸಾಮಾನು ಬಾಡಿಗೆ ಕೊಡುತ್ತಾಳೆ. ಸಲಿಕೆಗೆ ದಿನಕ್ಕೆ ಇಪ್ಪತ್ತು, ಬುಟ್ಟಿಗೆ ಹತ್ತು, ಏಣಿಗೆ ಐವತ್ತು. ಗುತ್ತಿಗೆದಾರರ ಲಾರಿ ಬಂದು ನಿಂತಾಗ, ಕೈಯಲ್ಲಿ ಸಾಮಾನು ಇದ್ದವರು ಮೊದಲು ಹತ್ತುತ್ತಾರೆ, ಬರಿಗೈಯವರು ಮರದ ಕೆಳಗೆ ಉಳಿಯುತ್ತಾರೆ. ಹತ್ತು ಜನ ಸೇರಿ ಮಲಗುವ ಬಾಡಿಗೆ ಖೋಲಿಯಲ್ಲಿ ಹಾರೆ, ಏಣಿ ಎಲ್ಲಿ ಇಟ್ಟುಕೊಳ್ಳುತ್ತಾರೆ? ಆದ್ದರಿಂದ ಈ ನಾಕಾದ ಅರ್ಧ ಮಂದಿಯ ದಿನದ ಅನ್ನ ಈ ತಗಡಿನ ಗೂಡಿನಿಂದ ಹೊರಡುತ್ತದೆ ಅಂದರೆ ಹೆಚ್ಚು ಹೇಳಿದಂತೇನೂ ಅಲ್ಲ. ಬಾಡಿಗೆಯನ್ನು ಎಲ್ಲರೂ ಸಂಜೆ ಕೂಲಿ ಕೈಗೆ ಬಂದ ಮೇಲೆ ಕೊಡುತ್ತಾರೆ. ಬೆಳಿಗ್ಗೆ ಕೊಡುವವನು ಒಬ್ಬನೇ, ಬೋಣಿಗೆಯವನು. ಬೋಣಿಗೆ ಕೊಟ್ಟವನಿಗೆ ಅವತ್ತು ಕೆಲಸ ತಪ್ಪುವುದಿಲ್ಲ ಎಂದು ನಾಕಾದಲ್ಲಿ ಒಂದು ನಂಬಿಕೆ ಹುಟ್ಟಿಬಿಟ್ಟಿದೆ. ಅದಕ್ಕಾಗಿ ನೂಕಾಟವೂ ಆಗುತ್ತದೆ.

ಈ ದಂಧೆ ಶುರುವಾದದ್ದು ಒಂದು ಜ್ವರದಿಂದ. ರೋಣದ ಕಡೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಫಕೀರವ್ವನೂ ಗಂಡ ಕಂಠೆಪ್ಪನ ಜೊತೆ ಸ್ಲ್ಯಾಬಿನ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಸಲ ಕಂಠೆಪ್ಪ ಜ್ವರ ಬಂದು ಮಲಗಿದಾಗ ಪಕ್ಕದ ಖೋಲಿಯವನು ಅವನ ಸಲಿಕೆ ಕೇಳಿಕೊಂಡು ಹೋದ. ಸಂಜೆ ಸಲಿಕೆ ತೊಳೆದು ತಂದು, ಮೇಲೆ ಐದು ರೂಪಾಯಿ ಇಟ್ಟ. "ಇವರು ಮಲಗ್ಯಾರ, ಇವರ ಸಲಿಕಿ ದುಡದ ಬಂದೈತಿ! ನಂಗ ಅವತ್ತ ನಿದ್ದಿನ ಬರಲಿಲ್ಲ," ಎಂದು ಫಕೀರವ್ವ ನೆನೆಯುತ್ತಾಳೆ. ಈಗ ಒಂದು ಫ್ಲ್ಯಾಟಿನ ಕಟ್ಟಡದ ವಾಚಮನ್ ಆಗಿರುವ ಕಂಠೆಪ್ಪನಿಗೆ ಈ ಕತೆ ಹೇಳುವಾಗಲೆಲ್ಲ ಎದೆ ಉಬ್ಬುತ್ತದೆ. "ಮೊದಲನೇ ಸಲಿಕಿ ನಂದು. ಜ್ವರಾನೂ ನಂದ," ಎಂದು ಎರಡನ್ನೂ ತನ್ನ ಲೆಕ್ಕಕ್ಕೆ ಹಾಕಿಕೊಳ್ಳುತ್ತಾನೆ.

ಫಕೀರವ್ವನಿಗೆ ಓದು ಬರೆಹ ಇಲ್ಲ. ಯಾರು ಯಾವ ಸಲಿಕೆ ಒಯ್ದರು ಎಂಬುದು ಹಿಡಿಕೆಯ ಗುರುತಿನಿಂದ ಆಕೆಗೆ ಗೊತ್ತಾಗುತ್ತದೆ, ಕೆಲವು ಸಲ ತಪ್ಪುವುದೂ ಉಂಟು. ಹಣದ ವಿಷಯದಲ್ಲಿ ಮಾತ್ರ ಒಂದು ಕಟ್ಟಾಜ್ಞೆ ಇತ್ತು. ಅದನ್ನು ಕಲಿತದ್ದು ಊರಲ್ಲಿ ಮಜ್ಜಿಗೆ ಮಾರುತ್ತಿದ್ದ ತಾಯಿಯಿಂದ. ಆ ತಾಯಿ ಮೊದಲ ಗಡಿಗೆಯ ದುಡ್ಡನ್ನು ಎಮ್ಮೆಯ ಮೇವಿಗೆಂದು ಬೇರೆ ಗಂಟು ಕಟ್ಟಿಡುತ್ತಿದ್ದಳು, ಮನೆಯಲ್ಲಿ ಎಣ್ಣೆ ಮುಗಿದರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಮಗಳು ಅದನ್ನೇ ಇಲ್ಲಿ ನಡೆಸಿದಳು. "ಬೋಣಿಗಿ ಸಲಿಕೀದು, ಸಂಜೀದು ಹೊಟ್ಟೀದು. ಇಷ್ಟರೀ ನನ್ನ ಲೆಕ್ಕ." ಬೆಳಿಗ್ಗೆಯ ನೋಟು ಕಣ್ಣಿಗೊತ್ತಿಕೊಂಡು ಒಂದು ಬಿಸ್ಕೀಟಿನ ಡಬ್ಬಿಗೆ ಹೋಗುತ್ತಿತ್ತು. ಆ ಡಬ್ಬಿಯಿಂದ ಹೊಸ ಹಿಡಿಕೆ ಬರುತ್ತಿತ್ತು, ಬುಟ್ಟಿ ಬರುತ್ತಿತ್ತು, ಏಣಿಯ ಮುರಿದ ಮೆಟ್ಟಿಲು ಸರಿಯಾಗುತ್ತಿತ್ತು. ಸಂಜೆಯ ಹಣ ಸೀದಾ ಅಕ್ಕಿ, ಜೋಳ, ಖೋಲಿಯ ಬಾಡಿಗೆಗೆ.

ಈ ಸುಖದ ವ್ಯವಸ್ಥೆಗೆ ಕಲ್ಲು ಬಿದ್ದದ್ದು ಫೋನಿನಿಂದ. ಒಂದೆರಡು ವರ್ಷದ ಹಿಂದೆ ಕೂಲಿಯವರ ಕೈಗೆ ಕೂಲಿಯೇ ಫೋನಿನಲ್ಲಿ ಬರತೊಡಗಿತು. ಜೇಬಿನಲ್ಲಿ ನೋಟು ಇರುವುದು ನಿಂತುಹೋಯಿತು. ಆಗ ಮಗ ಸೋಮು ಒಂದು ಚೀಟಿ ತಂದು ಗೂಡಿನ ಬಾಗಿಲಿಗೆ ಅಂಟಿಸಿದ. ಅವನು ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವ್ವನ ಬಳಿ ಫೋನಿರಲಿಲ್ಲವಾದ್ದರಿಂದ ಚೀಟಿ ಅವನ ಖಾತೆಯದು. ಬೆಳಿಗ್ಗೆ ಫಾತೋರ್ಡಾದಲ್ಲಿ ಬೋಣಿಗೆ ಆದರೆ, ಕುಡಚಡೆಯಲ್ಲಿ ಸೋಮುವಿನ ಜೇಬು ಟಿಂಗ್ ಅನ್ನುತ್ತಿತ್ತು.

ಫಕೀರವ್ವನಿಗೆ ಮೊದಲ ದಿನವೇ ತಬ್ಬಿಬ್ಬು. ಬೋಣಿಗೆ ಆಗಿದೆ, ಕಣ್ಣಿಗೆ ಒತ್ತಿಕೊಳ್ಳಲು ಏನೂ ಇಲ್ಲ. ಕೊಟ್ಟವನ ಫೋನನ್ನೇ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಅವನು ಗಾಬರಿಯಾಗಿ ಕಸಿದುಕೊಂಡ. ಡಬ್ಬಿಗೆ ಏನು ಹಾಕುವುದು? ಏನೂ ಹಾಕಲಿಲ್ಲ. ಬ್ಯಾಂಕಿನಲ್ಲಿ ಇದೆಯಲ್ಲ ಎಂದು ಸುಮ್ಮನಾದಳು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಗೂಡಿನಲ್ಲಿ ಏನೋ ಎಡವಟ್ಟಾಗಿತ್ತು. ಮಂದಿ ಹೆಚ್ಚಾಗಿದ್ದರು, ಬಾಡಿಗೆಯೂ ಹೆಚ್ಚಾಗಿತ್ತು, ಯಾರೂ ಬಾಕಿ ಇಟ್ಟಿರಲಿಲ್ಲ. ಆದರೂ ಹಿಡಿಕೆ ಮುರಿದ ಸಲಿಕೆಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಬುಟ್ಟಿಗಳು ತೂತಾಗಿದ್ದವು, ಡಬ್ಬಿ ಖಾಲಿ. "ದಂಧಾ ಬೆಳದೈತಿ, ಅಂಗಡಿ ಸಣ್ಣದಾಗೈತಿ. ಇದೆಂಥಾ ಲೆಕ್ಕರೀ? ನನ್ನ ತಲಿಯೊಳಗ ಇಲಿ ಹೊಕ್ಕಂಗ ಆಗಿತ್ತು," ಅನ್ನುತ್ತಾಳೆ. ಮೊದಲು ಕಳ್ಳತನ ಅಂದುಕೊಂಡಳು. ಗೂಡಿಗೆ ಎರಡು ಬೀಗ ಹಾಕಿದಳು. ಯಾರೋ ದೃಷ್ಟಿ ಹಾಕಿದ್ದಾರೆಂದು ಬಾಗಿಲಿಗೆ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಳು. ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಅನುಮಾನ ಮಗನ ಮೇಲೆ ಹೋಯಿತು.

"ಬೋಣಿಗಿ ಎಲ್ಲೈತೋ?" ಎಂದು ಕೇಳಿದಳು.

ಸೋಮು ಫೋನು ತೆಗೆದು ತೋರಿಸಿದ. "ಎಲ್ಲಾ ಇದರಾಗ ಬಂದೈತಿ ನೋಡಬೇ. ಖೋಲಿ ಬಾಡಿಗಿ ಇದರಾಗಿಂದ ಹೋತು, ಗಾಡಿ ಕಂತು ಹೋತು, ಕರೆಂಟು, ಅಪ್ಪನ ಗುಳಿಗಿ, ಗ್ಯಾಸು. ನಾ ಒಂದ ರೂಪಾಯಿ ಹಾಳ ಮಾಡಿಲ್ಲ."

"ಅದು ಸಂಜೀದಲ್ಲೋ? ಮುಂಜಾನೀದು ಎಲ್ಲಿ?"

"ಮುಂಜಾನೀದು, ಸಂಜೀದು ಅಂತ ಬ್ಯಾಂಕಿನಾಗ ಬ್ಯಾರೆ ಬ್ಯಾರೆ ಇರ್ತಾವೇನ ಅವ್ವಾ?"

ಮಗ ಸುಳ್ಳು ಹೇಳಿರಲಿಲ್ಲ. ಅದೇ ಫಕೀರವ್ವನಿಗೆ ಇನ್ನೂ ಹೆಚ್ಚು ಗೊಂದಲ. ಕಳ್ಳನಿದ್ದರೆ ಬೈಯಬಹುದಿತ್ತು. ಇಲ್ಲಿ ಯಾರೂ ಕದ್ದಿಲ್ಲ, ಆದರೂ ಸಲಿಕೆಯ ಪಾಲನ್ನು ಹೊಟ್ಟೆ ತಿಂದುಹಾಕಿದೆ. ಅವ್ವ ತನ್ನನ್ನು ಅನುಮಾನಿಸಿದಳೆಂದು ಸೋಮು ಆ ವಾರ ಊಟ ಮಾಡದೆ ಹೊರಟುಹೋದ, ಎರಡು ವಾರ ಬರಲಿಲ್ಲ. ಕಂಠೆಪ್ಪನನ್ನು ಕೇಳಿದರೆ ಅವನು ತನ್ನ ಜ್ವರದ ಕತೆ ಶುರುಮಾಡಿದ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಮಾಶಾಬಿ ಬುಟ್ಟಿ ಕೇಳಿದಳು. ಫಕೀರವ್ವ ಕೂಲಿಗೆ ಹೋಗುತ್ತಿದ್ದ ಕಾಲದಿಂದಲೂ ಜೊತೆಗಿದ್ದ, ಇವತ್ತಿಗೂ ತಲೆಯ ಮೇಲೆ ಕಾಂಕ್ರೀಟು ಹೊರುವ ಹೆಂಗಸು. ಉಳಿದಿದ್ದದ್ದು ತಳ ತೂತಾದ ಒಂದೇ ಬುಟ್ಟಿ. ಫಕೀರವ್ವ ಅದಕ್ಕೇ ಚಿಂದಿ ತುರುಕಿ ಕೊಟ್ಟಳು. ಲಾರಿಯ ಬಳಿ ಗುತ್ತಿಗೆದಾರನ ಮನುಷ್ಯ ಬುಟ್ಟಿಯನ್ನು ಆಕಾಶಕ್ಕೆ ಹಿಡಿದು ನೋಡಿ ಮಾಶಾಬಿಯನ್ನು ಕೆಳಗೆ ಇಳಿಸಿದ. ಮಾಶಾಬಿ ಬುಟ್ಟಿ ತಂದು ಬೋರಲು ಹಾಕಿ, ಮರದ ಕೆಳಗೆ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಂಗ ಅವತ್ತ ಭಾಳ ನಾಚಿಕಿ ಆತರೀ. ಅಕಿ ಮುಂದ ಅಳಬಾರದು ಅಂತ ಗೂಡಿನೊಳಗ ಹೋಗಿ ಅತ್ತೆ. ಹಿಂಗ ನಡದರ ಈ ಬಾಗಿಲಾ ಮುಚ್ಚೋದ ಪಾಡು ಅನಿಸ್ತು," ಎಂದು ಈಗಲೂ ಹೇಳುವಾಗ ಫಕೀರವ್ವನ ದನಿ ತಗ್ಗುತ್ತದೆ.

ಮರುದಿನ ಆಕೆ ನೋಟಿಲ್ಲದೆ ಬೋಣಿಗೆ ಇಲ್ಲ ಎಂದು ಹಟ ಹಿಡಿದಳು. ನೋಟು ಯಾರ ಬಳಿಯೂ ಇಲ್ಲ. ಬೋಣಿಗೆ ಆಗದೆ ಸಾಮಾನು ಮುಟ್ಟುವಂತಿಲ್ಲ. ನಲವತ್ತು ಗಂಡಸರು ಒಂದು ಇಪ್ಪತ್ತರ ನೋಟಿಗಾಗಿ ಒಬ್ಬರ ಜೇಬು ಒಬ್ಬರು ತಡಕುತ್ತ ನಿಂತರು. ಅಷ್ಟರಲ್ಲಿ ಒಂದು ಲಾರಿ ಬಂದು, ನೋಡಿ, ಹೋಗಿಯೂ ಬಿಟ್ಟಿತು. ಇದೂ ನಡೆಯುವ ಮಾತಲ್ಲ ಎಂದು ಫಕೀರವ್ವನಿಗೆ ಅಲ್ಲೇ ತಿಳಿಯಿತು.

ಆಗ ಹೊಳೆದದ್ದು ಎರಡನೇ ಚೀಟಿ. ಹಿಂದೆ ಬಿಸ್ಕೀಟಿನ ಡಬ್ಬಿ ಇದ್ದ ಹಾಗೆ ಬೋಣಿಗೆಗೇ ಒಂದು ಬೇರೆ ಚೀಟಿ ಇರಲಿ ಎಂದುಕೊಂಡಳು. ಎಂದೋ ತೆರೆಸಿ ಮರೆತಿದ್ದ ಬ್ಯಾಂಕಿನ ಪುಸ್ತಕವನ್ನು ಟ್ರಂಕಿನಿಂದ ತೆಗೆದು, ಸೋಮುವಿನ ಹಳೆಯ ಫೋನು ಸೆರಗಿನಲ್ಲಿ ಕಟ್ಟಿಕೊಂಡು, ಪೇಟೆಯ ಒಂದು ಸೇವಾ ಕೇಂದ್ರಕ್ಕೆ ಒಬ್ಬಳೇ ಹೋದಳು. ಅಲ್ಲಿದ್ದ ದಪ್ಪ ಕನ್ನಡಕದ ಗೃಹಸ್ಥ ಸಾವಂತವಾಡಿ ಕಡೆಯವನು, ಮರಾಠಿಯವನು. ಎಲ್ಲಾ ಕೆಲಸ ಮುಗಿಸಿ ಕೊನೆಗೆ, ಚೀಟಿಯ ಮೇಲೆ ಏನು ಬರೆಯಲಿ ಎಂದು ಕೇಳಿದ: "ಕಾಯ್ ಲಿಹೂ?"

ಅವನು ಕೇಳಿದ್ದು ಅಂಗಡಿಯ ಹೆಸರು. ಫಕೀರವ್ವ ತಿಳಿದದ್ದು, ಎರಡು ಚೀಟಿ ಅದಲು ಬದಲಾಗದಂತೆ ಗುರುತಿಗೆ ಕೇಳುತ್ತಿದ್ದಾನೆ, ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಎಂದು ಬರೆಯುವ ಹಾಗೆ. ಮಡಗಾಂವ ಪೇಟೆಯ ಮರಾಠಿ ವ್ಯಾಪಾರಿಗಳು ಬೋಣಿಗೆಗೆ ಭವಾನಿ ಅನ್ನುತ್ತಾರೆ. ಅವರ ನಡುವೆ ಇಷ್ಟು ವರ್ಷ ಓಡಾಡಿದವಳು ಅವನಿಗೆ ತಿಳಿಯಲೆಂದು ಅವನ ಮಾತಿನಲ್ಲೇ ಹೇಳಿದಳು. "ಭವಾನಿ ಲಿಹಾ." ಭವಾನಿ ಅಂತ ಬರೀರಿ.

"ಛಾನ್," ಅಂದ ಗೃಹಸ್ಥ. ಹೆಸರು ಚೆನ್ನಾಗಿದೆ ಎಂದು ಅವನ ಅರ್ಥ. ತನ್ನ ಉಪಾಯ ಚೆನ್ನಾಗಿದೆ ಎಂದು ಇವಳ ಅರ್ಥ. ಇಬ್ಬರೂ ಸಂತೋಷದಿಂದ ಬೀಳ್ಕೊಂಡರು.

ಮರುದಿನ ಬೆಳಿಗ್ಗೆ ಹೊಸ ಚೀಟಿ, ಮಾತಾಡುವ ಹೊಸ ಡಬ್ಬಿ. ಖೀರಪ್ಪ ಫೋನು ಹಿಡಿದವನು ಹಾಗೇ ನಿಂತ. "ಯವ್ವಾ, ಇದರಾಗ ಭವಾನಿ ಅಂತ ಬರಾಕತ್ತೈತಿ. ಯಾರು ಇಕಿ?"

"ಬೋಣಿಗಿಪಾ ಅದು, ಹಾಕು," ಅಂದಳು ಫಕೀರವ್ವ.

ಖೀರಪ್ಪ ಹಾಕಿದ. ಆದರೆ ಲಾರಿಯಲ್ಲಿ ಕೂತು ಪಕ್ಕದವನಿಗೆ ಹೇಳಿದ. ಮಧ್ಯಾಹ್ನದೊಳಗೆ ಫಾತೋರ್ಡಾದ ಎಲ್ಲ ಕಟ್ಟಡಗಳಲ್ಲೂ ಸುದ್ದಿ: ಫಕೀರವ್ವ ಗೂಡನ್ನು ಯಾರೋ ಭವಾನಿಬಾಯಿಗೆ ಮಾರಿಬಿಟ್ಟಿದ್ದಾಳೆ. ಕೆಲವರು ಆ ಭವಾನಿಬಾಯಿಯನ್ನು ಕಾರಿನಲ್ಲಿ ಕಂಡೂ ಬಂದಿದ್ದರು. ಇನ್ನು ಕೆಲವರ ಪ್ರಕಾರ ಅದು ಗುಡಿಗೆ ಹೋಗುವ ಕಾಣಿಕೆ. ಮಾಶಾಬಿ ಬಂದು, "ದೇವರ ದುಡ್ಡಾದ್ರ ನನ್ನದೂ ಹತ್ತು ಇರಲಿ, ಬುಟ್ಟಿ ಚಲೋ ಬರಲಿ," ಎಂದು ತನ್ನ ಮಗಳ ಫೋನಿನಿಂದ ಹಾಕಿದಳು. ಕಂಠೆಪ್ಪ ವಾಚಮನ್ ಕೋಲು ಹಿಡಿದುಕೊಂಡೇ ಓಡಿಬಂದ. "ನನ್ನ ಸಲಿಕಿ ಮಾರಿದೇನ?" ಸಂಜೆ ಕುಡಚಡೆಯಿಂದ ಸೋಮುವಿನ ಫೋನು, ಎರಡು ವಾರದ ಮೌನದ ನಂತರ: "ಅವ್ವಾ, ನನ್ನ ಮ್ಯಾಲಿನ ಸಿಟ್ಟಿಗೆ ಅಂಗಡೀನ ಮಾರೂದೇನಬೇ?"

ಫಕೀರವ್ವ ಎಲ್ಲರಿಗೂ ಬಿಡಿಸಿ ಹೇಳಿದಳು. ಹೇಳಿದಷ್ಟೂ ಗಂಟು ಹೆಚ್ಚಾಯಿತು. ಭವಾನಿ ಅಂದರೆ ಬೋಣಿಗೆ ಎಂದು ಅವಳು ಹೇಳಿದ್ದರಿಂದ ಇಡೀ ನಾಕಾಕ್ಕೆ ಅರ್ಥವಾದದ್ದು ಒಂದೇ: ಆ ಚೀಟಿಗೆ ಹಾಕಿದ್ದೆಲ್ಲ ಬೋಣಿಗೆ, ಹಾಕಿದವನಿಗೆ ಕೆಲಸ ಗ್ಯಾರಂಟಿ. ಅಲ್ಲಿಂದ ಮುಂದೆ ಬೆಳಿಗ್ಗೆಯೇನು, ಸಂಜೆಯೇನು, ಎಲ್ಲರೂ ಭವಾನಿಗೇ ಹಾಕತೊಡಗಿದರು. ಸೋಮುವಿನ ಹಳೆಯ ಚೀಟಿಯತ್ತ ತಿರುಗಿ ನೋಡುವವರೂ ಇಲ್ಲ. ಹೊಸ ಸಲಿಕೆಗಳು ಬಂದವು, ತೂತಿಲ್ಲದ ಬುಟ್ಟಿಗಳು ಬಂದವು. ಮೊದಲ ಹೊಸ ಬುಟ್ಟಿಯನ್ನು ಫಕೀರವ್ವ ಮಾಶಾಬಿಯ ಕೈಗೇ ಕೊಟ್ಟಳು. ಅವತ್ತು ಬಾಡಿಗೆ ತೆಗೆದುಕೊಳ್ಳಲಿಲ್ಲ.

ಆದರೆ ಈಗ ಮನೆಯಲ್ಲಿ ಅಕ್ಕಿ ಇಲ್ಲ. ಭವಾನಿಯ ಖಾತೆಯಲ್ಲಿ ಹಣ ಇದೆ, ಮುಟ್ಟುವಂತಿಲ್ಲ. ಬೋಣಿಗೆಯನ್ನು ಹೊಟ್ಟೆಗೆ ಹಾಕಿದರೆ ತಾಯಿ ಕಲಿಸಿದ್ದು ತಪ್ಪಿಹೋಗುತ್ತದೆ, ಮತ್ತೆ ಮೂಲೆಯಲ್ಲಿ ಮುರಿದ ಸಲಿಕೆಗಳ ರಾಶಿ. ಇಡೀ ವಾರ ಕಂಠೆಪ್ಪನ ಪಗಾರದಲ್ಲಿ ಗಂಜಿ ಕಾಯಿಸಿದರು. "ಮೊದಲು ಹೊಟ್ಟಿ ತುಂಬಿ ಅಂಗಡಿ ಖಾಲಿ, ಈಗ ಅಂಗಡಿ ತುಂಬಿ ಹೊಟ್ಟಿ ಖಾಲಿ. ನಂಗ ಹುಚ್ಚ ಹಿಡಿಯೂದು ಒಂದ ಬಾಕಿ ಇತ್ತು ನೋಡ್ರಿ."

ದಾರಿ ತೋರಿಸಿದ್ದು ಸೊಸೆ ಶ್ವೇತಾ, ಅದೂ ಚೇಷ್ಟೆಗೆ. ಗಂಜಿಗೆ ಉಪ್ಪು ಹಾಕುತ್ತ ಅಂದಳು: "ಅತ್ತಿ, ಅಂಗಡಿ ಭವಾನೀದ ಅಂತ ಊರ ಎಲ್ಲಾ ಅಂತೈತಿ. ಹಂಗಾದ್ರ ನೀವು ಅಕಿ ಕಡೆ ಆಳು. ದಿನಾ ಇಷ್ಟ ದುಡಿತೀರಿ, ಅಕಿ ನಿಮಗ ಪಗಾರ ಕೊಡಬೇಕಿಲ್ಲ?"

ಫಕೀರವ್ವ ನಗಲಿಲ್ಲ. ಗಂಜಿ ಆರುವವರೆಗೆ ಕೂತು ಯೋಚಿಸಿದಳು. ಆಳಿಗೆ ಕೂಲಿ ಕೊಟ್ಟರೆ ಅದು ಬೋಣಿಗೆಯನ್ನು ತಿಂದಂತಾಗುತ್ತದೆಯೇ? ಇಲ್ಲ. ದುಡಿದದ್ದು ದುಡಿದದ್ದೇ. ತನ್ನ ಕೂಲಿ ಎಷ್ಟು ಎಂಬುದನ್ನೂ ಅಲ್ಲೇ ತೀರ್ಮಾನಿಸಿದಳು: ನಾಕಾದಲ್ಲಿ ಹೆಣ್ಣಾಳಿಗೆ ನಡೆಯುವ ದರದ ಅರ್ಧ. ಅರ್ಧ ಯಾಕೆ ಎಂದು ಕಂಠೆಪ್ಪ ಜಗಳ ತೆಗೆದ. "ಮಧ್ಯಾಹ್ನ ಮಕ್ಕೋತೇನಿ. ಭವಾನಿ ನೋಡಂಗಿಲ್ಲೇನು?" ಎಂದು ಅವನ ಬಾಯಿ ಮುಚ್ಚಿಸಿದಳು. ಆ ಶನಿವಾರ ಶ್ವೇತಾಳನ್ನು ಕರೆದುಕೊಂಡು ಬ್ಯಾಂಕಿನ ಯಂತ್ರದಿಂದ ವಾರದ ಕೂಲಿಯನ್ನಷ್ಟೇ ತೆಗೆದಳು. ಸಾಮಾನಿಗೆ ಬೇಕಾದದ್ದು ಒಳಗೇ ಉಳಿಯಿತು. ಮುಂದಿನ ಸಲ ಬಂದಾಗ ಸೋಮು ತನ್ನ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ, ಎರಡು ತಟ್ಟೆ ಊಟ ಮಾಡಿದ. ಅವನ ಗಾಡಿಯ ಕಂತು ಈಗ ಅವನ ಪಗಾರದಿಂದಲೇ ಹೋಗುತ್ತದೆ, ಸ್ವಲ್ಪ ಗೊಣಗಾಟದೊಂದಿಗೆ.

ಇದೆಲ್ಲ ಅರ್ಥವಾಯಿತೇ ಎಂದು ಕೇಳಿದರೆ ಫಕೀರವ್ವ ತಲೆ ಅಲ್ಲಾಡಿಸುತ್ತಾಳೆ. "ಖರೇ ಹೇಳತೇನ್ರಿ, ಇಲ್ಲ. ಅದ ಅಂಗಡಿ, ಅದ ಮಂದಿ, ಅದ ಇಪ್ಪತ್ತ ರೂಪಾಯಿ. ಬರೇ ಒಂದು ಹೆಸರು ತಪ್ಪಿ ಬಿತ್ತು. ಅದರಿಂದ ಹೆಂಗ ಸರಿ ಆತು, ನಂಗಿನ್ನೂ ತಿಳೀವಲ್ದು." ಹೆಸರು ತಿದ್ದಿಸಿಕೊಳ್ಳಿ ಎಂದು ಕೆಲವರು ಹೇಳಿದ್ದಾರೆ. ಅಷ್ಟು ಧೈರ್ಯ ತನಗಿಲ್ಲ ಅನ್ನುತ್ತಾಳೆ. ಅವಳಿಗಿರುವ ಆಸೆ ಒಂದೇ, ತಗಡಿಗೆ ಬದಲು ಸಿಮೆಂಟಿನ ಶೀಟು ಹಾಕಿಸಬೇಕು, ಮಳೆಯಲ್ಲಿ ಹಿಡಿಕೆಗಳು ನೆನೆಯಬಾರದು.

ಇಷ್ಟು ಹೇಳುವಷ್ಟರಲ್ಲಿ ನಾಕಾದ ಬಳಿ ಒಂದು ಜೀಪು ನಿಲ್ಲುತ್ತದೆ. ಇಳಿದವನು ಉಸ್ಮಾನ ಮೇಸ್ತ್ರಿ. ಮೊಲೆಂ ಕಡೆ ರಸ್ತೆಯ ಕೆಲಸ ಹಿಡಿದಿದ್ದಾನೆ, ಗೂಡಿನಲ್ಲಿರುವ ಸಾಮಾನಿನ ಅರ್ಧ ಅವನಿಗೆ ಒಂದು ತಿಂಗಳ ಮಟ್ಟಿಗೆ ಬೇಕು. ಬಾಡಿಗೆಯಲ್ಲಿ ಮಾತ್ರ ಕಡಿತ ಬೇಕಂತೆ.

"ಸಲಿಕಿಗೆ ಹತ್ತ ರೂಪಾಯಿ ಮಾಡಬೇ. ಹಳೇ ಪರಿಚಯ ನಂದು ನಿಂದು."

ಹಿಂದೆಲ್ಲ ಈ ಹಳೇ ಪರಿಚಯದ ಮಾತಿಗೆ ಫಕೀರವ್ವ ಸೋತದ್ದು ಲೆಕ್ಕವಿಲ್ಲ. ಇಲ್ಲ ಅನ್ನುವುದು ಅವಳ ನಾಲಿಗೆಗೆ ಬರುವುದಿಲ್ಲ. ಈಗಲೂ ಆಕೆ ಇಲ್ಲ ಅನ್ನುವುದಿಲ್ಲ. ಟವೆಲ್ಲನ್ನು ಬಿಗಿಯಾಗಿ ಕಟ್ಟಿಕೊಂಡು ಬಾಗಿಲ ಮೇಲಿನ ಚೀಟಿಯನ್ನು ಒಂದು ಸಲ ನೋಡುತ್ತಾಳೆ.

"ನನ್ನ ಕೈಯಾಗ ಇಲ್ಲರಿ ಮೇಸ್ತ್ರಿ. ಮಾಲಕೀನ ಕೇಳಬೇಕು."

"ಮಾಲಕಿ? ನೀನ ಅಲ್ಲೇನು ಮಾಲಕಿ?"

"ನಾ ಎಲ್ಲಿ ಮಾಲಕಿರಿ?" ಎಂದು ಫಕೀರವ್ವ ಹೊಸ ಸಲಿಕೆಯೊಂದರ ಹಿಡಿಕೆಯನ್ನು ಅಂಗಿಯ ತೋಳಿನಿಂದ ಒರೆಸುತ್ತಾಳೆ. "ನಾ ಭವಾನಿ ಕಡೆ ಅರ್ಧ ಕೂಲಿಗೆ ಅದೇನಿ. ಅಕಿ ಭಾಳ ಖಡಕ್ ಅದಾಳ, ಇಪ್ಪತ್ತಕ್ಕ ಒಂದ ಪೈಸಾ ಕಡಿಮಿ ಮಾಡಂಗಿಲ್ಲ."